ಸ್ಟೂಲಿನ ಮೇಲೆ ಕೂತಿದ್ದ ಅಜ್ಜಿ

ನಮ್ಮ ದೊಡ್ಡಜ್ಜಿಯಷ್ಟು ಎತ್ತರದ ಹೆಂಗಸು ಕುದೇರಿನಲ್ಲಿ ಇನ್ನೊಬ್ಬಳಿರಲಿಲ್ಲ. ನಮ್ಮ ಮನೆಯ ನಡುಬಾಗಿಲು ದಾಟುವಾಗ ತಲೆ ತಗ್ಗಿಸಲೇಬೇಕಿತ್ತು. ಕೆಲಸದ ಗಡಿಬಿಡಿಯಲ್ಲಿ ಆಕೆ ಅದನ್ನು ಎಷ್ಟೋ ಸಲ ಮರೆತು ಬಾಗಿಲವಾಡಕ್ಕೆ ಹಣೆ ಹೊಡೆಸಿಕೊಳ್ಳುತ್ತಿದ್ದಳು. ಹಣೆಯ ವಿಭೂತಿ ಮರಕ್ಕೆ ಹತ್ತಿ ಹತ್ತಿ ಅಲ್ಲೊಂದು ಬಿಳಿಯ ಕಲೆಯೇ ಕೂತುಬಿಟ್ಟಿತ್ತು. ಹೊಡೆದುಕೊಂಡಾಗಲೆಲ್ಲ ಬೈಗುಳ ಬಾಗಿಲಿಗಲ್ಲ, ಅದನ್ನು ಮಾಡಿಸಿದ ನಮ್ಮ ತಾತನಿಗೆ. "ತಾನು ಗಿಡ್ಡ ಅಂತ ಬಾಕ್ಲೂ ಗಿಡ್ಡ ಮಾಡ್ಸವ್ನ ನೋಡು" ಅನ್ನುತ್ತಾ ಹಣೆ ಉಜ್ಜಿಕೊಂಡು ಒಳಗೆ ಹೋಗುತ್ತಿದ್ದಳು. ತಾತ ತೀರಿಕೊಂಡ ಮೇಲೂ ಆ ಬೈಗುಳ ನಿಲ್ಲಲಿಲ್ಲ.

ಆಕೆ ನಮ್ಮಪ್ಪನನ್ನು ಹೆತ್ತವಳಲ್ಲ. ಮದುವೆಯಾಗಿ ಬಹಳ ವರ್ಷ ಆಕೆಗೆ ಮಕ್ಕಳಾಗಲಿಲ್ಲ. ತಾತ ಉಮ್ಮತ್ತೂರಿನಿಂದ ಎರಡನೆಯ ಹೆಂಡತಿಯನ್ನು ತಂದರು. ಅವಳೇ ಚಿಕ್ಕಜ್ಜಿ, ಅಪ್ಪನನ್ನು ಹೆತ್ತವಳು. ಆದರೆ ಅಪ್ಪ ಹೆತ್ತವಳನ್ನು "ಚಿಕ್ಕವ್ವ" ಅಂತಲೂ ದೊಡ್ಡಜ್ಜಿಯನ್ನು "ಅವ್ವ" ಅಂತಲೂ ಕರೆಯುತ್ತಿದ್ದ. ಹಾಗಾಗಿ ನಾನು ಬಹಳ ದಿನ ಎಲ್ಲವನ್ನೂ ಉಲ್ಟಾ ತಿಳಿದುಕೊಂಡಿದ್ದೆ. ಶಾಲೆಯಲ್ಲಿ ಯಾವಳೋ ಹುಡುಗಿ "ಅವ್ರು ನಿಮ್ಮ ಸ್ವಂತ ಅಜ್ಜಿ ಅಲ್ವಂತಲ್ಲ" ಅಂದಾಗ ಅಳುತ್ತಾ ಮನೆಗೆ ಬಂದೆ. ದೊಡ್ಡಜ್ಜಿ ಕಾರಣ ಕೇಳಿದಳು, ಹೇಳಿದೆ. ಆಕೆ ಅಡಿಗೆಮನೆ ಕಡೆ ತಿರುಗಿ, "ಕೂಸೇ, ಇಲ್ನೋಡು, ಈ ಮಗ ನಿನ್ನದಂತ. ತಕ, ಮೂಗು ಒರ್ಸು" ಅಂತ ನನ್ನನ್ನು ಚಿಕ್ಕಜ್ಜಿಯ ಕಡೆ ತಳ್ಳಿದಳು. ಇಬ್ಬರೂ ನಕ್ಕರು. ಆ ನಗು ನೋಡಿ ನನಗೆ ಅಳುವುದಕ್ಕೆ ಏನೂ ಉಳಿಯಲಿಲ್ಲ.

ಕೂಸು ಅಂತ ಆಕೆ ಕರೆಯುತ್ತಿದ್ದುದು ಚಿಕ್ಕಜ್ಜಿಯನ್ನು. ಚಿಕ್ಕಜ್ಜಿಗೆ ಕೂದಲು ನೆರೆತು, ಹಲ್ಲು ಬಿದ್ದು, ಸಕ್ಕರೆ ಕಾಯಿಲೆ ಬಂದು ಕಣ್ಣು ಮಂಜಾದ ಮೇಲೂ ಆಕೆಗೆ ಅವಳು ಕೂಸೇ. ಚಿಕ್ಕಜ್ಜಿ ಗುಂಡಗೆ, ಕುಳ್ಳಗೆ, ಮೆಲ್ಲಗೆ ಮಾತಾಡುವವಳು. ದೊಡ್ಡಜ್ಜಿ ಕೂತಲ್ಲಿಂದ ಕೂಗಿದರೆ ಪಕ್ಕದ ಬೀದಿಯವರು ಬಾಗಿಲು ತೆಗೆದು ನೋಡುತ್ತಿದ್ದರು. ಚಿಕ್ಕಜ್ಜಿಯ ಮಾತ್ರೆ ಬಿಡಿಸಿ ಕೊಡುವುದು, ಅವಳ ತಲೆಗೆ ಎಣ್ಣೆ ಹಚ್ಚುವುದು, ಪಾದದಲ್ಲಿ ಗಾಯವೇನಾದರೂ ಆಗಿದೆಯೇ ಅಂತ ತಿರುಗಿಸಿ ನೋಡುವುದು ಎಲ್ಲ ದೊಡ್ಡಜ್ಜಿಯೇ. ಊಟಕ್ಕೆ ಕೂತಾಗ ನಮ್ಮವ್ವ ಯಾರಿಗೆ ಮುದ್ದೆ ಹಾಕಲು ಹೋದರೂ "ಮೊದ್ಲು ಅವಳಿಗ ಇಕ್ಕು" ಅನ್ನುವುದು ಆಕೆಯ ಮಾತು. "ನಿಮ್ಗ ಅತ್ತ?" ಅಂದರೆ, "ನಂಗೇನಾಗಿದ್ದು? ಗುಂಡ್ಕಲ್ಲ್ ಇದ್ದಂಗ ಇವ್ನಿ" ಅನ್ನುತ್ತಿದ್ದಳು. ಆ ಮಾತನ್ನು ಆಕೆ ಎಷ್ಟು ಸಲ ಹೇಳಿದ್ದಳೆಂದರೆ ನಾವೆಲ್ಲ ಅದನ್ನು ನಂಬಿಬಿಟ್ಟಿದ್ದೆವು.

ನನಗೆ ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಾಗ ಅಪ್ಪನ ಜೊತೆ ದೊಡ್ಡಜ್ಜಿಯೂ ಹೊರಟಳು. ಬಾಡಿಗೆ ರೂಮು ನೋಡಬೇಕಿತ್ತಲ್ಲ. ಕೊಳಾಯಿ ತಿರುಗಿಸಿ ನೋಡಿದಳು. ಬಾಗಿಲ ಚಿಲಕ ಹಾಕಿ ತೆಗೆದು, ಹೊರಗಿನಿಂದ ಅಪ್ಪನ ಕೈಯಲ್ಲಿ ತಳ್ಳಿಸಿ ನೋಡಿದಳು. ಎದುರಿಗೆ ಕೇರಳದವರೊಬ್ಬರ ಟೀ ಅಂಗಡಿ ಇತ್ತು. ನೇರ ಅಲ್ಲಿಗೆ ಹೋಗಿ, "ನಮ್ ಮೊಮ್ಮಗ್ಳು ಒಬ್ಳೇ ಇರದು ಕಣಪ್ಪ. ನೀವು ಒಸಿ ಕಣ್ಣಿಟ್ಟಿರಿ" ಅಂದಳು. ಅವರು ಕೈ ಒರೆಸಿಕೊಳ್ಳುತ್ತಾ, "ಪೇಡಿಕ್ಕೇಂಡ ಅಮ್ಮೇ" ಅಂದರು. ಭಯ ಬೇಡಮ್ಮ ಅಂತ. ದೊಡ್ಡಜ್ಜಿಗೆ ಅದು ಪೇಟೆ ಅಂತ ಕೇಳಿಸಿತು. ಬಸ್‌ಸ್ಟ್ಯಾಂಡಿಗೆ ವಾಪಸ್ ಬರುವಾಗ ಅಪ್ಪನಿಗೆ ಹೇಳಿದಳು: "ಪಾಪ, ಒಳ್ಳೇವ್ನು. ಪೇಟೆಲಿ ಅಂಗೆಲ್ಲ ಏನೂ ಆಗದಿಲ್ಲ ಅಂದ." ಆಮೇಲೆ ನಾನು ರಜೆಗೆ ಊರಿಗೆ ಹೊರಟಾಗಲೆಲ್ಲ ಆ ಅಂಗಡಿಯವರು ದೊಡ್ಡಜ್ಜಿಗೆಂದು ಬಾಳೆಕಾಯಿ ಚಿಪ್ಸ್ ಕಟ್ಟಿಕೊಡುತ್ತಿದ್ದರು. ಆಕೆ ಅದನ್ನು ಚಿಕ್ಕಜ್ಜಿಗೆ ಕೊಡುವಂತಿರಲಿಲ್ಲ, ಸಕ್ಕರೆ ಕಾಯಿಲೆ. ಅವಳೆದುರು ತಾನೂ ತಿನ್ನುವಂತಿರಲಿಲ್ಲ. ಹಿತ್ತಿಲಿಗೆ ಹೋಗಿ ತಿಂದು, ಬಾಯಿ ತೊಳೆದುಕೊಂಡು ಬರುತ್ತಿದ್ದಳು. ಚಿಕ್ಕಜ್ಜಿ ವಾಸನೆ ಹಿಡಿದು, "ಅಕ್ಕ, ಚಿಪ್ಸು ಗರಿಗರಿ ಆಗಿತ್ತಾ?" ಅಂತ ಕೇಳುತ್ತಿದ್ದಳು.

ಎರಡು ವರ್ಷದ ಹಿಂದೆ, ಹೊಲದಲ್ಲಿ ಅರಿಶಿನ ಕೀಳುವ ಕಾಲದಲ್ಲಿ ಚಿಕ್ಕಜ್ಜಿಗೆ ಜ್ವರ ಬಂತು. ಬೆಳಿಗ್ಗೆ ನಡುಕ, ಮಧ್ಯಾಹ್ನದ ಹೊತ್ತಿಗೆ ಬಡಬಡಿಕೆ. ಅಪ್ಪನನ್ನು ಕಂಡು ತಾತ ಬಂದರು ಅಂತ ತಿಳಿದು ಸೆರಗು ಸರಿಮಾಡಿಕೊಂಡಳಂತೆ. ಅಪ್ಪ ಗಾಬರಿಯಾಗಿ ಕಾರು ಮಾಡಿಸಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊಲದಲ್ಲಿ ಆಳುಗಳಿದ್ದರು. ಅವ್ವ ಅವರಿಗೆ ಅಡಿಗೆ ಮಾಡಬೇಕಿತ್ತು. ನಾನು ಗುಂಡ್ಲುಪೇಟೆಯಿಂದ ರಜೆ ಹಾಕಿ ಬರುವಷ್ಟರಲ್ಲಿ ವಾರ್ಡಿನಲ್ಲಿ ಚಿಕ್ಕಜ್ಜಿ ಮಂಚದ ಮೇಲೆ ಮಲಗಿದ್ದಳು. ಪಕ್ಕದಲ್ಲಿ, ಬೆನ್ನಾನಿಸಲು ಏನೂ ಇಲ್ಲದ ಸ್ಟೂಲಿನ ಮೇಲೆ ದೊಡ್ಡಜ್ಜಿ ನೆಟ್ಟಗೆ ಕೂತಿದ್ದಳು.

"ನೀನು ಮನಗ ಓಗು ಅವ್ವ, ಮಗಳು ಬಂದವ್ಳಲ್ಲ" ಅಂದ ಅಪ್ಪ.

"ನಾನ್ಯಾಕ ಓಗ್ಲಿ? ಎಚ್ರಾದಾಗ ನಾನು ಕಾಣ್ನಿಲ್ಲ ಅಂದ್ರ ಎದ್ರಿಕಂಡ್ಬುಡ್ತಳ" ಅಂದಳು ದೊಡ್ಡಜ್ಜಿ. ಅಲ್ಲಿಗೆ ಆ ಮಾತು ಮುಗಿಯಿತು.

ವಾರ್ಡು ನೋಡಿಕೊಳ್ಳುತ್ತಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೈಸೂರು ಕಡೆಯ ಮಾತು. ಬಂದವರೇ ಚಿಕ್ಕಜ್ಜಿಯ ಮಂಚದ ಅಂಚಿನಲ್ಲಿ ಕೂತರು. ಕೈ ಹಿಡಿದು ನೋಡಿದರು, ಹೆಸರು ಕೇಳಿದರು. ಚಿಕ್ಕಜ್ಜಿ ಕಣ್ಣು ತೆರೆದು ಏನೋ ಗೊಣಗಿ ಮತ್ತೆ ಮುಚ್ಚಿದಳು. ಇನ್ನು ಇವಳು ಏಳುವುದಿಲ್ಲ ಅಂತ ನನಗೆ ಅನ್ನಿಸಿತು.

ಡಾಕ್ಟರು ನಮ್ಮ ಕಡೆ ತಿರುಗಿ, "ಈಗ ಹೇಗಿದ್ದಾರೆ ಅನ್ನೋದು ನನಗೇ ಕಾಣ್ತಿದೆ. ಇದಕ್ಕೆ ಮುಂಚೆ, ಒಂದೆರಡು ವಾರದ ಹಿಂದೆ ಹೇಗಿದ್ರು ಅಂತ ಹೇಳಿ" ಅಂದರು.

"ಅದ್ಯಾಕ ಮೇಡಂ?" ಅಂದ ಅಪ್ಪ.

"ಇಂಥ ಜ್ವರ ಎಂಥವರನ್ನೂ ಮಲಗಿಸಿಬಿಡುತ್ತೆ. ಮಲಗಿರೋದನ್ನ ಮಾತ್ರ ನೋಡಿದ್ರೆ ನಾನು ತಪ್ಪು ಲೆಕ್ಕ ಹಾಕ್ತೀನಿ. ಮುಂಚೆ ಓಡಾಡ್ಕೊಂಡು ಇದ್ದವರಾ, ಇಲ್ಲ ಆಗಲೇ ಒಬ್ಬರ ಆಸರೆ ಬೇಕಾಗಿತ್ತಾ? ಅದು ಗೊತ್ತಾದ್ರೆ ಇವರನ್ನ ಎಲ್ಲಿಗೆ ವಾಪಸ್ ತರಬಹುದು ಅಂತ ಗೊತ್ತಾಗುತ್ತೆ."

ಅಪ್ಪ ಬಾಯಿ ತೆರೆಯುವ ಮೊದಲೇ ದೊಡ್ಡಜ್ಜಿ ಶುರು ಮಾಡಿದಳು. "ಇವಳಾ? ತಾನೇ ಸ್ನಾನ ಮಾಡ್ಕತಳ. ತಾನೇ ಸೀರೆ ಉಟ್ಕತಳ. ಕಣ್ಣು ಒಸಿ ಮಂಜು, ಅದ್ಬುಟ್ರ ಕಾಲು ಗಟ್ಟಿ. ನಂಗೂ ನೀರು ಕಾಸ್ಕೊಡ್ತಳ. ದೇವಸ್ತಾನ್ಕ ಇಬ್ರೂ ಕೈ ಕೈ ಇಡ್ಕಂಡು ಓಯ್ತಿವಿ. ನೆನ್ನೆ ಮೊನ್ನೆಗಂಟ ಅವರೆಕಾಯಿ ಸುಲಿತಾ ಕುಂತಿದ್ಲು ಕಣವ್ವ."

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. ನಡುವೆ ಒಂದು ಸಲ ಕೇಳಿದರು: "ದೇವಸ್ಥಾನಕ್ಕೆ ಹೋಗುವಾಗ ಯಾರ ಕೈಯನ್ನ ಯಾರು ಹಿಡ್ಕೊಳ್ತಾರೆ ಅಜ್ಜಿ?"

"ಅವಳಿಗ ಕಣ್ಣು ಕಾಣದಲ್ಲವ್ವ, ನಾನೇ ಇಡ್ಕತಿನಿ" ಅಂದಳು ದೊಡ್ಡಜ್ಜಿ. ಸ್ವಲ್ಪ ತಡೆದು ಹೇಳಿದ ಹಾಗಿತ್ತು.

ಮೂತ್ರದ ಸೋಂಕು ರಕ್ತಕ್ಕೆ ಏರಿದೆ, ಔಷಧಿಗೆ ಬಗ್ಗುತ್ತದೆ, ಮುಂಚೆ ಇಷ್ಟು ಚೆನ್ನಾಗಿದ್ದವರು ಚೇತರಿಸಿಕೊಳ್ಳುತ್ತಾರೆ ಅಂತ ಡಾಕ್ಟರು ಧೈರ್ಯ ಹೇಳಿದರು. ಹಾಗೆಯೇ ಆಯಿತು. ಎರಡು ದಿನದಲ್ಲಿ ಚಿಕ್ಕಜ್ಜಿಯ ಕಣ್ಣಿಗೆ ಗುರುತು ಬಂತು. ಬಂದ ಕೂಡಲೇ ಕೇಳಿದ್ದು, "ಅಕ್ಕ ಉಂಡ್ಯಾ?" ಅಂತ.

ಅವತ್ತು ರೌಂಡ್ಸಿಗೆ ಬಂದ ಡಾಕ್ಟರು ಮಂಚದ ಮೇಲಿದ್ದವಳನ್ನು ಬೇಗ ನೋಡಿ ಮುಗಿಸಿದರು. ಜ್ವರ ಇಳಿದಿದೆ, ನಾಡಿದ್ದು ಮನೆಗೆ ಹೋಗಬಹುದು ಅಂದರು. ಆದರೂ ಹೊರಡಲಿಲ್ಲ. ಅವರ ಕಣ್ಣು ಸ್ಟೂಲಿನ ಮೇಲೆ ಕೂತಿದ್ದ ದೊಡ್ಡಜ್ಜಿಯ ರವಿಕೆಯ ಮೇಲಿತ್ತು. ನಾನೂ ಆಗ ನೋಡಿದೆ. ಎರಡೂ ತೋಳು ಜೋಲಾಡದ ಹಾಗೆ ಬಟ್ಟೆ ಮಡಿಸಿ ಪಿನ್ನು ಹಾಕಿಕೊಂಡಿದ್ದಳು.

"ಅಜ್ಜಿ, ರವಿಕೆ ದೊಡ್ಡದಾಗಿದೆಯಲ್ಲ" ಅಂದರು ಡಾಕ್ಟರು.

"ಟೈಲರ್ ಅಂಗ್ ಒಲ್ದವ್ನ."

"ಹೊಲಿಸಿ ಎಷ್ಟು ದಿನ ಆಯ್ತು?"

"ಯಾವ್ದೋ ಮದುವಗ ಒಲ್ಸಿದ್ದು" ಅಂದಳು. ಆ ಮದುವೆ ನನಗೆ ಚೆನ್ನಾಗಿ ನೆನಪಿತ್ತು. ಭೀಮನಬೀಡಿನ ನಮ್ಮ ಅತ್ತೆಯ ಮಗಳದು. ಆಗ ಆ ರವಿಕೆ ತೋಳಿಗೆ ಬಿಗಿಯಾಯಿತು ಅಂತ ದೊಡ್ಡಜ್ಜಿ ದಿನವೆಲ್ಲ ಗೊಣಗಿದ್ದಳು.

ಡಾಕ್ಟರು ಬಗ್ಗಿ, ತಮ್ಮ ಎರಡು ಬೆರಳು ಚಾಚಿ, "ಇದನ್ನ ಗಟ್ಟಿಯಾಗಿ ಹಿಂಡಿ ನೋಡೋಣ" ಅಂದರು.

"ಕಾಯ್ಲ ಇರದು ಅವಳಿಗ ಕಣವ್ವ, ನಂಗಲ್ಲ."

"ಸುಮ್ಮನೆ ನೋಡ್ತೀನಿ ಅಜ್ಜಿ. ನನ್ನ ಬೆರಳು ನೋಯೋ ಹಾಗೆ ಹಿಂಡಿ."

ದೊಡ್ಡಜ್ಜಿ ಹಿಂಡಿದಳು. ಕತ್ತಿನ ನರ ಉಬ್ಬಿತು. ನಾನು ಚಿಕ್ಕವಳಿದ್ದಾಗ ಆ ಕೈ ನನ್ನ ಮಣಿಕಟ್ಟು ಹಿಡಿದರೆ ಬಿಡಿಸಿಕೊಳ್ಳುವುದು ಆಗುತ್ತಿರಲಿಲ್ಲ. ಡಾಕ್ಟರ ಮುಖದಲ್ಲಿ ನೋವೇನೂ ಕಾಣಲಿಲ್ಲ. "ಸರಿ ಅಜ್ಜಿ" ಅಂದರು. "ಈಗ ಎರಡು ಕೈಯನ್ನೂ ಹೀಗೆ ಎದೆ ಮೇಲೆ ಕಟ್ಟಿಕೊಂಡು, ಏನನ್ನೂ ಹಿಡೀದೆ ಎದ್ದು ನಿಲ್ಲಿ."

ಅಕ್ಕಪಕ್ಕದ ಮಂಚದವರೂ ನೋಡತೊಡಗಿದರು. ಅಷ್ಟು ಜನ ನೋಡುವಾಗ ದೊಡ್ಡಜ್ಜಿ ಒಲ್ಲೆ ಅನ್ನುವವಳಲ್ಲ. ಕೈ ಕಟ್ಟಿದಳು. ಮುಂದಕ್ಕೆ ಬಾಗಿದಳು. ಮೈ ಸ್ಟೂಲಿನಿಂದ ಸ್ವಲ್ಪ ಮೇಲೆದ್ದು ಹಾಗೇ ಕುಸಿದು ಕೂತಿತು. ಮತ್ತೊಮ್ಮೆ ಬಾಗಿದಳು. ಈ ಸಲ ಅಷ್ಟೂ ಏಳಲಿಲ್ಲ.

"ಈ ಸ್ಟೂಲು ಸರಿ ಇಲ್ಲ ಕಣವ್ವ, ತಗ್ಗಾಯ್ತದ" ಅಂದಳು ನಗುತ್ತಾ.

ನಾನು ಹಿಡಿಯಲು ಹೋದೆ. ಡಾಕ್ಟರು ನನ್ನ ಕಡೆ ನೋಡದೆಯೇ ಕೈ ಅಡ್ಡ ಹಿಡಿದು ತಡೆದರು. ದೊಡ್ಡಜ್ಜಿ ಮೂರನೆಯ ಸಲ ಬಾಗಿದಳು. ತುಟಿ ಕಚ್ಚಿದಳು. ತೊಡೆ ನಡುಗುವುದು ಸೀರೆಯ ಮೇಲೆಯೇ ಕಾಣುತ್ತಿತ್ತು. ಅಂಥ ಹೆಂಗಸು ಒಂದು ಸ್ಟೂಲಿನಿಂದ ಏಳಲಾಗದೆ ಒದ್ದಾಡುವುದನ್ನು ನೋಡುತ್ತಾ ನಿಲ್ಲುವುದು ನನ್ನಿಂದಾಗಲಿಲ್ಲ. ನಾನು ಕಿಟಕಿ ಕಡೆ ತಿರುಗಿದೆ.

ಹಿಂದಿನಿಂದ ಚಿಕ್ಕಜ್ಜಿಯ ದನಿ ಬಂತು. "ಸಾಕು ಬುಡಿ ಡಾಕ್ಟ್ರವ್ವ."

ತಿರುಗಿ ನೋಡಿದರೆ, ಕೈಯಲ್ಲಿ ಗ್ಲೂಕೋಸಿನ ಸೂಜಿ ಇದ್ದ ಹಾಗೆಯೇ ಚಿಕ್ಕಜ್ಜಿ ಎದ್ದು ಕೂತಿದ್ದಳು. "ಅವಳ ಕೈಲಿ ಆಗಲ್ಲ. ಎಷ್ಟು ದಿನದಿಂದ್ಲೋ ಆಗ್ತಾ ಇಲ್ಲ. ಕೆಳಗ ಕುಂತ್ರ ನಾನು ಭುಜ ಕೊಟ್ಟು ಎಬ್ಬುಸ್ತಿನಿ. ನಡಿವಾಗ ನಂಗ ಕಣ್ಣು ಕಾಣದು ಅಂತ ಅವಳು ಕೈ ಇಡ್ಕಳದಲ್ಲ, ಅವಳು ಬೀಳ್ತಳ ಅಂತ ನಾನು ಇಡ್ಕಳದು. ಬಚ್ಚಲಲ್ಲಿ ಎರಡು ಸಲ ಬಿದ್ದವ್ಳ. ಯಾರ್ಗೂ ಏಳ್ಬ್ಯಾಡ ಅಂತ ನನ್ನ ಕತ್ತಿನ ಲಿಂಗ ಮುಟ್ಸಿ ಆಣೆ ತಕಂಡವ್ಳ."

"ಕೂಸೇ, ಸುಮ್ಕಿರು" ಅಂದಳು ದೊಡ್ಡಜ್ಜಿ.

"ಸುಮ್ಕಿರದಿಲ್ಲ. ಅವಳ ಹಾಲು ನಂಗ ಉಯ್ತಳ, ಡಾಕ್ಟ್ರವ್ವ. ನಂಗ ಕಣ್ಣು ಕಾಣದು ಅಂತ ತಿಳ್ಕಂಡವ್ಳ. ಲೋಟ ತುಂಬ ಆಯ್ತಾ ಇರದು ಕೈಗ ಗೊತ್ತಾಗದಿಲ್ವ?" ಅನ್ನುತ್ತಾ ಚಿಕ್ಕಜ್ಜಿ ಅಳತೊಡಗಿದಳು.

ದೊಡ್ಡಜ್ಜಿ ಯಾರ ಮುಖವನ್ನೂ ನೋಡಲಿಲ್ಲ. ಡಾಕ್ಟರಿಗೆ ಮೆಲ್ಲಗೆ, "ಮೈಲಿ ಕಸುವಿಲ್ಲ ಕಣ್ ತಾಯಿ" ಅಂದಳು. ಆಕೆಯ ಬಾಯಲ್ಲಿ ಅಂಥ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಅಪ್ಪ ಬಂದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಹೊರಗಿನ ವರಾಂಡಕ್ಕೆ ಕರೆದರು. "ಮಂಚದ ಮೇಲಿರೋ ಅಜ್ಜಿ ಬಗ್ಗೆ ನನಗೆ ಚಿಂತೆ ಇಲ್ಲ. ಸ್ಟೂಲಿನ ಮೇಲಿರೋ ಅಜ್ಜಿ ಬಗ್ಗೆ ಇದೆ" ಅಂದರು. ಅಪ್ಪನಿಗೆ ಅರ್ಥವಾಗಲಿಲ್ಲ. "ನಮ್ಮವ್ವನ್ಗ ಏನೂ ಕಾಯ್ಲ ಇಲ್ವಲ್ಲ" ಅಂದ. ಡಾಕ್ಟರು ಬಿಡಿಸಿ ಹೇಳಿದರು. ಇದು ಜ್ವರ, ಗಾಯದಂಥ ಒಂದು ಕಾಯಿಲೆಯಲ್ಲ. ಮೈ ಇಳಿಯುತ್ತದೆ, ಹಿಡಿತ ಸಡಿಲವಾಗುತ್ತದೆ, ನಡಿಗೆ ನಿಧಾನವಾಗುತ್ತದೆ, ಬೇಗ ದಣಿವಾಗುತ್ತದೆ. ಒಂದೊಂದನ್ನೇ ನೋಡಿದರೆ ವಯಸ್ಸಾಯಿತು ಅನ್ನಿಸುತ್ತದೆ. ಎಲ್ಲ ಸೇರಿದರೆ, ಕಷ್ಟ ಬಂದಾಗ ತಡೆದುಕೊಳ್ಳಲು ಮೈಯಲ್ಲಿ ಇರಬೇಕಾದ ಮೀಸಲು ತೀರಿದೆ ಅಂತ ಅರ್ಥ. "ಆ ಅಜ್ಜಿಗೆ ಬಂದ ಜ್ವರ ಇವರಿಗೆ ಬಂದಿದ್ರೆ ಇವತ್ತು ನಾವು ಬೇರೆ ಮಾತಾಡ್ತಾ ಇರ್ತಿದ್ವಿ" ಅಂದರು.

"ಅವ್ವ ನಮ್ ಮನೆ ಕಂಬ ಇದ್ದಂಗ ಮೇಡಂ" ಅಂದ ಅಪ್ಪ.

"ಈಗಲೂ ಮಾಡೋದು ಬೇಕಾದಷ್ಟಿದೆ. ಕೈ ಬಿಡೋ ಹಾಗೇನೂ ಇಲ್ಲ" ಅಂದರು ಡಾಕ್ಟರು.

ಪಕ್ಕದ ಮಂಚ ಅವತ್ತು ಖಾಲಿಯಾಗಿತ್ತು. ದೊಡ್ಡಜ್ಜಿಯನ್ನು ಅದರ ಮೇಲೆ ಮಲಗಿಸುವುದು ಅಂತಾಯಿತು. ಆಕೆ ಒಪ್ಪಲೇ ಇಲ್ಲ. "ಇಬ್ರೂ ಮಲಿಕಂಡ್ರ ಅವಳ ನೋಡದು ಯಾರು?" ಅಂತ ವಾದ. ಚಿಕ್ಕಜ್ಜಿ ತನ್ನ ಮಂಚದಿಂದ, "ನಾನು ಇಲ್ಲಿಂದ್ಲೇ ನಿನ್ನ ನೋಡ್ತಿನಿ, ನೀನು ಅಲ್ಲಿಂದ್ಲೇ ನನ್ನ ನೋಡು" ಅಂದಮೇಲೆ ಮಲಗಿದಳು. ಮಲಗಿದ ಕೂಡಲೇ ನಿದ್ದೆ ಹತ್ತಿತು. ಎಷ್ಟು ದಿನದ ದಣಿವೋ, ಸಂಜೆ ತಿಂಡಿಯ ಗಾಡಿ ಬಂದರೂ ಏಳಲಿಲ್ಲ.

ಪರೀಕ್ಷೆ ಮಾಡಿದಾಗ ರಕ್ತ ಕಡಿಮೆ ಇತ್ತು. ಯಾವುದೋ ವಿಟಮಿನ್ನು ತಳ ಮುಟ್ಟಿತ್ತು. ಬಿ.ಪಿ. ಮಾತ್ರೆ ಈಗಿನ ಮೈಗೆ ಜಾಸ್ತಿಯಾಗಿ, ಎದ್ದ ಕೂಡಲೇ ತಲೆ ಸುತ್ತುತ್ತಿತ್ತು. ದವಡೆ ಹಲ್ಲು ಅಲುಗಾಡುತ್ತಾ ನೋಯುತ್ತಿದ್ದರಿಂದ ಬೇಳೆಕಾಳು ಬಿಟ್ಟು ಬರೀ ತಿಳಿಸಾರಿನಲ್ಲಿ ಮುದ್ದೆ ನುಂಗುತ್ತಿದ್ದಳು. ಮಾತ್ರೆ ಕಡಿಮೆ ಮಾಡಿದರು, ಇಂಜೆಕ್ಷನ್ ಕೊಟ್ಟರು, ಹಲ್ಲಿನವರ ಹತ್ತಿರ ಕಳಿಸಿದರು. ಎಲ್ಲಕ್ಕಿಂತ ದೊಡ್ಡ ಔಷಧಿ ಕುರ್ಚಿಯಿಂದ ಎದ್ದು ಕೂರುವುದು ಮತ್ತು ಹೊಟ್ಟೆ ತುಂಬ ಉಣ್ಣುವುದು ಅಂದರು. "ಇವರು ಉಂಡ್ರಾ ಅಂತ ನೋಡ್ಕೊಳ್ಳೋ ಜವಾಬ್ದಾರಿ ನಿಮ್ಮದು" ಅಂತ ಡಾಕ್ಟರು ಹೇಳಿದ್ದು ಅಪ್ಪನಿಗಲ್ಲ, ನನಗಲ್ಲ, ಚಿಕ್ಕಜ್ಜಿಗೆ.

ಊರಿಗೆ ಬಂದ ಮೇಲೆ ಊಟದ ಹೊತ್ತು ದೊಡ್ಡ ರಂಪವಾಯಿತು. "ಮೊದ್ಲು ಅವಳಿಗ ಇಕ್ಕು" ಅಂತ ದೊಡ್ಡಜ್ಜಿ. "ಅಕ್ಕ ಉಣ್ಣಗಂಟ ನಾನು ಮುಟ್ಟದಿಲ್ಲ" ಅಂತ ಚಿಕ್ಕಜ್ಜಿ. ಇಬ್ಬರ ತಟ್ಟೆಯಲ್ಲೂ ಮುದ್ದೆ ಆರಿ ಗಟ್ಟಿಯಾಯಿತು. ನಮ್ಮವ್ವ ನೋಡಿ ನೋಡಿ ಸಾಕಾಗಿ, ಒಂದು ದಿನ ಅಗಲವಾದ ತಟ್ಟೆಯೊಂದನ್ನು ತಂದು ಇಬ್ಬರ ನಡುವೆ ಇಟ್ಟು, ಎರಡು ಮುದ್ದೆ, ನಡುವೆ ಹಿಸುಕಿದ ಬೇಳೆಯ ಸಾರು ಸುರಿದು, "ಈಗ ಯಾರು ಮೊದ್ಲು, ಯಾರು ಆಮ್ಯಾಲ ಅಂತ ನೀವೇ ಕಿತ್ತಾಡಿ" ಅಂದು ಒಳಗೆ ಹೋದಳು. ಅವರಿಬ್ಬರೂ ಒಂದೇ ಸಲಕ್ಕೆ ಕೈ ಹಾಕಿದರು. ಆವತ್ತಿನಿಂದ ಅದೇ ರೂಢಿಯಾಯಿತು.

ಅಪ್ಪ ಅಂಗಡಿಯಿಂದ ಕೈಯಿರುವ ಗಟ್ಟಿ ಕುರ್ಚಿ ತಂದು ಜಗಲಿಯಲ್ಲಿ ಗೋಡೆಗೆ ಒತ್ತಿ ಇಟ್ಟ. ಬೆಳಿಗ್ಗೆ ಬಿಸಿಲು ಏರುವ ಮೊದಲು ದೊಡ್ಡಜ್ಜಿ ಅದರ ಮೇಲೆ ಕೂತು ಏಳಬೇಕು. ಮೊದಮೊದಲು ಎರಡೂ ಕೈ ಊರಿ, ಆಮೇಲೆ ಒಂದೇ ಕೈ ಊರಿ. ಚಿಕ್ಕಜ್ಜಿ ಪಕ್ಕದಲ್ಲಿ ನಿಂತು "ಇನ್ನೊಂದು, ಅಕ್ಕ, ಇನ್ನೊಂದೇ" ಅನ್ನುತ್ತಿದ್ದಳು. ಬೀದಿಯಲ್ಲಿ ಹಾಲಿನ ಡೈರಿಗೆ ಹೋಗುವವರು ನಿಂತು, "ಏನಜ್ಜಿ, ಬಸ್ಕಿ ಒಡಿತಾ ಇದ್ದರಿ?" ಅಂತ ಕೇಳಿದರೆ ದೊಡ್ಡಜ್ಜಿ, "ಊಂ ಕಣ್ಲಾ, ಮುಂದ್ಲ ಎಲೆಕ್ಷನ್‌ಗ ನಿಂತ್ಕತಿನಿ. ಅದ್ಕ ನಿಂತ್ಕಳದ ಕಲಿತಾ ಇವ್ನಿ" ಅನ್ನುತ್ತಿದ್ದಳು. ನಾನು ಯುಗಾದಿ ರಜೆಗೆ ಬಂದಾಗ ಕೈ ಕಟ್ಟಿಕೊಂಡು ಎದ್ದು ತೋರಿಸಿದಳು. ಎದ್ದು ನಿಂತವಳು ಜಗಲಿಯ ಮೇಲೆ ಸುತ್ತ ನೋಡಿದ ಪರಿ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊಸದಾಗಿ ಊರಿಗೆ ಬಂದವಳ ಹಾಗೆ ನೋಡಿದಳು.

ಆ ಒಂದು ವರ್ಷ ಆಕೆಯ ಮೈ ಸ್ವಲ್ಪ ತುಂಬಿಕೊಂಡಿತು. ರವಿಕೆಯ ಪಿನ್ನು ಹೋಯಿತು. ಬಚ್ಚಲಿಗೆ ಅಪ್ಪ ಹಿಡಿಕಂಬಿ ಹಾಕಿಸಿದ. ಮತ್ತೆ ಬೀಳಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಆಕೆ ಕೇಳುವುದನ್ನು ಕಲಿತಳು. ನಮ್ಮವ್ವ ಮದುವೆಯಾಗಿ ಬಂದಾಗಿನಿಂದ ಅತ್ತೆ ಒಂದು ಲೋಟ ನೀರನ್ನೂ ಅವಳ ಕೈಯಲ್ಲಿ ತರಿಸಿಕೊಂಡವಳಲ್ಲ. ಈಗ ಕೆಳಗೆ ಕೂತಿದ್ದವಳು ಏಳಬೇಕಾದಾಗ ಎರಡೂ ಕೈ ಮೇಲೆತ್ತಿ, "ಎಬ್ಸವ್ವ" ಅನ್ನುತ್ತಿದ್ದಳು. ಮೊದಲ ಸಲ ಹಾಗೆ ಅಂದ ದಿನ ಅವ್ವ ಎಬ್ಬಿಸಿ ಕೂರಿಸಿ, ಅಡಿಗೆಮನೆಗೆ ಬಂದು ಒಲೆ ಮುಂದೆ ಕಣ್ಣೊರೆಸಿಕೊಂಡಳು. "ಇಷ್ಟು ದಿನಕ್ಕ ನನ್ನ ಮಗಳು ಅಂದ್ಕಂಡ್ರು ಕಣಮ್ಮಿ" ಅಂದಳು.

ಎರಡನೆಯ ವರ್ಷ ಮೈ ಮತ್ತೆ ಇಳಿಯಿತು. ಔಷಧಿ ಬಿಟ್ಟಿರಲಿಲ್ಲ, ಊಟ ಬಿಟ್ಟಿರಲಿಲ್ಲ, ಕುರ್ಚಿಯನ್ನೂ ಬಿಟ್ಟಿರಲಿಲ್ಲ. ದಸರೆ ಕಳೆದ ಮೇಲೆ ನಿಂತು ನೀರು ಕುಡಿಯುವುದೂ ದಣಿವಾಗತೊಡಗಿತು. ಚಳಿಗಾಲದಲ್ಲಿ ಕೆಮ್ಮು ಹಿಡಿದು ಎದೆಗೆ ಇಳಿಯಿತು. ಚಾಮರಾಜನಗರದ ಅದೇ ವಾರ್ಡು, ಅದೇ ಡಾಕ್ಟರು. ಮಂಚದ ಮೇಲೆ ಮಲಗಿದ್ದವಳು ಈ ಸಲ ದೊಡ್ಡಜ್ಜಿ.

ಅಪ್ಪ ಮೈಸೂರಿಗೆ ಕರೆದುಕೊಂಡು ಹೋಗಿ ಉಸಿರಾಟದ ಯಂತ್ರಕ್ಕೆ ಹಾಕಿಸೋಣ, ಹೊಲ ಮಾರಿದರೂ ಸರಿ ಅಂತ ಹಟ ಹಿಡಿದ. ಡಾಕ್ಟರು ಬೇಡ ಅನ್ನಲಿಲ್ಲ. ಆದರೆ ಯಂತ್ರಕ್ಕೆ ಹಾಕಿದರೆ ಈ ಮೈ ಅದರಿಂದ ಹೊರಗೆ ಬರುವುದು ಕಷ್ಟ, ಬಂದರೂ ಮತ್ತೆ ಕುರ್ಚಿಯಿಂದ ಏಳುವ ಅಜ್ಜಿ ಸಿಗುವುದಿಲ್ಲ, ನೀವು ತಿಳಿದು ನಿರ್ಧರಿಸಬೇಕು ಅಂದರು. ಆಕ್ಸಿಜನ್, ಔಷಧಿ ಇಲ್ಲೇ ಕೊಡುತ್ತೇವೆ, ನೋವಾಗದ ಹಾಗೆ ನೋಡಿಕೊಳ್ಳುತ್ತೇವೆ ಅಂದರು. ಅಪ್ಪ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಆಗ ಚಿಕ್ಕಜ್ಜಿ ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡಳು. ಜೀವಮಾನದಲ್ಲಿ ಮಗನಿಗೆ ಒಂದು ಮಾತು ಜೋರಾಗಿ ಹೇಳಿದವಳಲ್ಲ. "ಕೇಳು ಮಗ. ಅವಳು ದಿನಾ ನನ್ನ ಪಕ್ಕದಲ್ಲಿ ಮಲಗೋಳು. ಬೆಳಿಗ್ಗೆ ಏಳ್ವಾಗ ಅವಳ ಮೈ ಎಷ್ಟು ಅದ, ಎಷ್ಟು ಇಲ್ಲ ಅಂತ ನಿಂಗಿಂತ ನಂಗ ಗೊತ್ತು. ಇನ್ನು ಅವಳ ಎಳ್ದಾಡ್ಬ್ಯಾಡ. ಯಾವ್ದೋ ಊರಲ್ಲಿ, ಬಾಯಿಗ ಪೈಪು ಆಕಿಸ್ಕಂಡು, ನಾನು ಕಾಣ್ದಂಗ ಅವಳು ಓಗದು ಬ್ಯಾಡ. ನನ್ನ ಕೈಲೇ ಓಗ್ಲಿ."

ಅಪ್ಪ ಚಿಕ್ಕಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತ. "ಆಯ್ತು ಅವ್ವ" ಅಂದ. ಹೆತ್ತವಳನ್ನು ಅವನು ಅವ್ವ ಅಂದದ್ದು ನಾನು ಕೇಳಿದ್ದು ಆಗಲೇ ಮೊದಲು.

ದೊಡ್ಡಜ್ಜಿ ಆಮೇಲೆ ಮೂರು ದಿನ ಇದ್ದಳು. ಹೆಚ್ಚು ಒದ್ದಾಡಲಿಲ್ಲ. ಎಚ್ಚರವಿದ್ದಾಗ ಚಿಕ್ಕಜ್ಜಿಯ ಮಾತ್ರೆ ಆಯಿತೇ ಅಂತ ಕೇಳುತ್ತಿದ್ದಳು. ಡಾಕ್ಟರು ಡ್ಯೂಟಿ ಮುಗಿದ ಮೇಲೂ ಬಂದು ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಒಂದು ಮಧ್ಯಾಹ್ನ, ಚಿಕ್ಕಜ್ಜಿ ತುಟಿಗೆ ನೀರು ಮುಟ್ಟಿಸುತ್ತಿದ್ದಾಗ ಉಸಿರು ನಿಂತಿತು.

ಹೊಲದ ಬದುವಿನಲ್ಲಿ ತಾತನ ಪಕ್ಕ ಆಕೆಯನ್ನು ಸಮಾಧಿ ಮಾಡಿದೆವು. ನೆಂಟರು ಹೋದ ಮೇಲೆ ಸಂಜೆಗೆ ನಾನೂ ಚಿಕ್ಕಜ್ಜಿಯೂ ಜಗಲಿಯಲ್ಲಿ ಕೂತಿದ್ದೆವು. ನನ್ನ ಮೈಯಲ್ಲಿ ದೊಡ್ಡಜ್ಜಿಯ ರಕ್ತದ ಒಂದು ಹನಿಯೂ ಇಲ್ಲ. ಆದರೆ ಕಾಯಿಲೆಯವರನ್ನು ನೋಡಲು ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಮಂಚದ ಪಕ್ಕದಲ್ಲಿ ಕೂತವರ ಕಡೆ ಹೋಗುತ್ತದೆ. ನೀವು ಉಂಡಿರಾ ಅಂತ ಅವರನ್ನು ಕೇಳದೆ ನಾನು ಬರುವುದಿಲ್ಲ. ಅದು ಆಕೆಯಿಂದ ನನಗೆ ಬಂದದ್ದು.

ಸವತಿಯಾಗಿ ಬಂದಾಗ ಭಯವಾಗಲಿಲ್ಲವೇ ಅಂತ ನಾನು ಚಿಕ್ಕಜ್ಜಿಯನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವತ್ತು ಕೇಳಿದೆ.

ಅವಳು ಹೇಳಿದಳು: "ನಂಗ ಅವ್ವ ಇರ್ನಿಲ್ಲ ಕಣಮ್ಮಿ. ಉಮ್ಮತ್ತೂರಿಗ ಎಣ್ಣು ನೋಡಕ ನಿಮ್ ತಾತ ಬರ್ನಿಲ್ಲ, ಅವಳೇ ಬಂದ್ಲು. ಮದುವ ಆದ್ಮ್ಯಾಲ ಎತ್ತಿನ ಗಾಡಿಲಿ ಕರ್ಕಂಡು ಒಂಟ್ರು. ನಾನು ಅಳ್ತಾ ಕುಂತಿದ್ದಿ. ನಿಮ್ ತಾತ ಮುಂದ್ಗಡ ಕುಂತಿದ್ರು, ಅವಳು ನನ್ನ ಪಕ್ಕದಲ್ಲಿ. ಮೆಲ್ಲಗ ನನ್ ಕಿವಿಲಿ ಅಂದ್ಲು, 'ಅಳ್ಬ್ಯಾಡ ಕೂಸೇ. ತಾಳಿ ಕಟ್ಟಿದ್ದು ಅವ್ರು, ಸರಿ. ಆದ್ರ ನಿನ್ನ ಹುಡಿಕ್ಕಂಡು ಬಂದೋಳು ನಾನು. ನೀನು ನನ್ನೋಳು.' ಅಂಗಂದು ನನ್ ಕೈ ಇಡ್ಕಂಡ್ಲು. ಕುದೇರು ಬರಗಂಟ ಬುಡ್ನಿಲ್ಲ."